ಹೊಸ ಒಕ್ಕಲು: ಸಮೀರವಾಡಿ ಪರಿಸರದಲ್ಲಿ ಬೇಸಾಯಕ್ಕೆ ಕಾಲಿಟ್ಟವರ ಚರಿತ್ರೆ

ಕನ್ನಡದ 'ಒಕ್ಕಲು' ಎಂಬ ಪದದಲ್ಲಿ ನೆಲೆ ಮತ್ತು ಬೇಸಾಯ ಎಂಬ ಎರಡು ಅರ್ಥಗಳು ಬೇರ್ಪಡಿಸಲಾಗದಂತೆ ಬೆಸೆದುಕೊಂಡಿವೆ. ಒಕ್ಕಲು ಎಂದರೆ ವಾಸ, ಮನೆತನ. ಒಕ್ಕಲು ಎಂದರೆ ಉಳುವವನು, ಗೇಣಿಗೆ ಭೂಮಿ ಹಿಡಿದವನು. 'ಒಕ್ಕು' ಎಂಬ ಕ್ರಿಯಾಪದಕ್ಕೆ ತೆನೆ ತುಳಿಸಿ ಕಾಳು ಬಿಡಿಸು ಎಂಬ ಅರ್ಥವಿದೆ. ಹೊಸ ಮನೆಯನ್ನು ಹೊಗುವುದು 'ಮನೆ ಒಕ್ಕಲು'. ಭೂಮಿಯಿಂದ ಹೊರಹಾಕುವುದು 'ಒಕ್ಕಲೆಬ್ಬಿಸುವುದು'. ಒಬ್ಬ ವ್ಯಕ್ತಿ ಹೊಸದಾಗಿ ಬೇಸಾಯಗಾರನಾಗುವುದೆಂದರೆ ಕೇವಲ ಒಂದು ಕಸುಬನ್ನು ಹಿಡಿಯುವುದಲ್ಲ, ಒಂದು ಊರಿನ ಲೆಕ್ಕದೊಳಗೆ ಸೇರುವುದು ಎಂಬ ತಿಳಿವಳಿಕೆಯನ್ನು ಈ ಪದಗಳು ಕಾಯ್ದಿರಿಸಿಕೊಂಡಿವೆ. ಕೃಷಿ ಚರಿತ್ರೆಯ ಬರಹಗಳು ಸಾಮಾನ್ಯವಾಗಿ ಭೂಮಿಯ ಒಡೆತನವನ್ನು ಕೇಂದ್ರವಾಗಿಟ್ಟುಕೊಂಡಿವೆ. ಭೂಮಿ ಕೈಗೆ ಬಂದ ಮೇಲೂ ಹೊಸಬನೊಬ್ಬ ಒಕ್ಕಲಾಗಲು ಏಕೆ ತಡವರಿಸಿದನೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದು ವಿರಳ. ಅದಕ್ಕೆ ಜಾನಪದದ ಕಡೆಯಿಂದ ಉತ್ತರ ಹುಡುಕಬೇಕಾಗುತ್ತದೆ.

ಇದಕ್ಕೆ ಸಮೀರವಾಡಿ ಪರಿಸರ ಒಂದು ಉತ್ತಮ ನಿದರ್ಶನ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ, ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಸೇರಿದ ಈ ನಾಡು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಮತ್ತು ಅವುಗಳ ಇಕ್ಕೆಲಗಳಲ್ಲಿ ಹರಡಿಕೊಂಡಿದೆ. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು ವಿಜಾಪುರ ಜಿಲ್ಲೆಗೆ ಸೇರಿದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಭಾಗವಾದವು. ಸಮೀರವಾಡಿ ಎಂಬ ಊರು ಮಾತ್ರ ಈ ಯಾವ ಆಳ್ವಿಕೆಯ ಹಳೆಯ ಕಾಗದಗಳಲ್ಲೂ ಸಿಗುವಂಥದಲ್ಲ. ಅದು ಸೈದಾಪುರದ ನೆಲದಲ್ಲಿ 1970ರ ದಶಕದ ಆರಂಭದಲ್ಲಿ ಸಕ್ಕರೆ ಕಾರ್ಖಾನೆಯೊಡನೆ ಹುಟ್ಟಿದ ಊರು.

ಕಾರ್ಖಾನೆ ಬರುವ ಮುನ್ನ ಈ ಭಾಗದ ಬೇಸಾಯ ಬಹುಮಟ್ಟಿಗೆ ಒಣಬೇಸಾಯ. ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಮಸಾರಿಯಲ್ಲಿ ಮುಂಗಾರಿಯ ಸಜ್ಜೆ, ಶೇಂಗಾ, ಹೆಸರು. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಮತ್ತು ಅದಕ್ಕೆ ಹೊಂದಿಕೊಂಡ ಸಂಸ್ಥಾನಗಳನ್ನು ಹೇಗೆ ಹಿಂಡಿತೆಂಬುದು ಇತಿಹಾಸಕಾರರಿಗೆ ತಿಳಿದ ವಿಷಯ. ಅಂಥ ಬರಗಳಲ್ಲಿ ಒಕ್ಕಲು ಎದ್ದುಹೋದ ಊರುಗಳಲ್ಲಿ ಭೂಮಿ ಬೀಳು ಬೀಳುತ್ತಿತ್ತು. ಭೂಮಿಯ ಅಭಾವಕ್ಕಿಂತ ಅದನ್ನು ಉಳುವ ಸಾಧನಗಳ ಅಭಾವ ಹೆಚ್ಚಿನದಾಗಿದ್ದ ಕಾಲವೂ ಇಲ್ಲಿ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಒಣಬೇಸಾಯದ ಹೊಸಬನಿಗೆ ಮೊದಲ ತೊಡಕು ಎತ್ತು. ರಂಟೆ, ಕುಂಟೆ, ಕೂರಿಗೆ, ಎಡೆಕುಂಟೆ ಇವುಗಳಲ್ಲಿ ಯಾವುದೂ ಜೋಡೆತ್ತಿಲ್ಲದೆ ನಡೆಯದು. ಒಂದೇ ಎತ್ತು ಇದ್ದವರಿಬ್ಬರು ಕೂಡಿಕೊಂಡು ಸರದಿಯಂತೆ ಇಬ್ಬರ ಹೊಲಗಳನ್ನು ಉಳುವ ವಾಡಿಕೆ ಇತ್ತು. ಆದರೆ ಬಿತ್ತನೆಯ ಹದ ಎರಡೂ ಹೊಲಗಳಿಗೆ ಒಂದೇ ದಿನ ಬರುತ್ತದೆ. ಸರದಿಯಲ್ಲಿ ಹಿಂದೆ ಬಿದ್ದವನ ಬೆಳೆಯೂ ಹಿಂದೆ ಬೀಳುತ್ತಿತ್ತು. ಆ ಹಿಂದಿನ ಸರದಿ ಹೆಚ್ಚಾಗಿ ಹೊಸಬನದೇ.

ಎರಡನೆಯ ತೊಡಕು ಆಯದ ಸಂಬಂಧ. ಕೂರಿಗೆಯ ತಾಳು ಕಿತ್ತರೆ ಬಡಿಗನ ಬಳಿಗೆ, ಕುಡ ಸವೆದರೆ ಕಂಬಾರನ ಬಳಿಗೆ, ಮಿಣಿ ಬಾರುಕೋಲಿಗೆ ಚರ್ಮದ ಕೆಲಸದವನ ಬಳಿಗೆ ಹೋಗಬೇಕು. ಇವರಾರೂ ಕೆಲಸಕ್ಕೆ ಆಯಾ ಹೊತ್ತಿಗೆ ಹಣ ಪಡೆಯುತ್ತಿರಲಿಲ್ಲ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ಪಾಲು ಒಯ್ಯುತ್ತಿದ್ದರು. ಈ ವ್ಯವಸ್ಥೆ ನಂಬಿಕೆಯ ಮೇಲೆ ನಿಂತದ್ದು. ಮುಂದಿನ ಸುಗ್ಗಿಯಲ್ಲಿ ಈತನ ಕಣದಲ್ಲಿ ರಾಶಿ ಇರುತ್ತದೆ, ಈತ ಊರಿನಲ್ಲೇ ಇರುತ್ತಾನೆ ಎಂಬ ಭರವಸೆ ಇಲ್ಲದೆ ಬಡಿಗ ಕೂರಿಗೆಗೆ ಕೈ ಹಚ್ಚಲಾರ. ಆ ಭರವಸೆಯನ್ನು ಹೊಸಬ ಕೊಡುವುದು ಹೇಗೆ? ಯಾರಾದರೊಬ್ಬ ಹಳೆಯ ಒಕ್ಕಲಿನವನು ಹೊಣೆ ನಿಲ್ಲಬೇಕಿತ್ತು. ಆಯಗಾರ ಪದ್ಧತಿಯ ಬಗೆಗಿನ ಅಧ್ಯಯನಗಳು ಅದನ್ನು ಕಸುಬುದಾರರ ಶೋಷಣೆಯ ಅಥವಾ ಊರಿನ ಸ್ವಾವಲಂಬನೆಯ ದೃಷ್ಟಿಯಿಂದ ನೋಡಿದಷ್ಟು, ಹೊಸಬರನ್ನು ಸೋಸುವ ಜರಡಿಯಾಗಿ ನೋಡಿದ್ದು ಕಡಿಮೆ.

ಕಣ ಈ ಎಲ್ಲ ಸಂಬಂಧಗಳ ಕೇಂದ್ರ. ಹಸನು ಮಾಡಿದ ನೆಲದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯೆಲ್ಲ ಹಂತಿಯ ಹಾಡು ಹೇಳುತ್ತ ತೆನೆ ತುಳಿಸುವ ಪದ್ಧತಿ ಬಯಲುಸೀಮೆಯ ಜಾನಪದದ ಶ್ರೀಮಂತ ಭಾಗ. ಹಂತಿ ಹೊಡೆಯಲು ಒಬ್ಬನ ಎತ್ತು ಸಾಲದು. ನಾಲ್ಕಾರು ಮನೆಯ ಎತ್ತುಗಳು ಬೇಕು. ಅವು ಮುಯ್ಯಿಗೆ ಬರುತ್ತಿದ್ದವು. ಮುಯ್ಯಿ ತೀರಿಸಬಲ್ಲವನಿಗೆ ಮಾತ್ರ ಮುಯ್ಯಿ ಸಿಗುತ್ತಿತ್ತು. ಕಣಕ್ಕೆ ತನ್ನದೇ ನಡೆನುಡಿಯೂ ಇತ್ತು. ರಾಶಿ ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ತೊಡಗುವುದು, ಕೆಲವು ವಸ್ತುಗಳನ್ನು ನಿತ್ಯದ ಹೆಸರಿನಿಂದ ಕರೆಯದಿರುವುದು, ಚಪ್ಪಲಿ ಮೆಟ್ಟಿ ಒಳಬಾರದಿರುವುದು ಇವುಗಳನ್ನು ವಿದ್ವಾಂಸರು ನಂಬಿಕೆಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುತ್ತಾರೆ. ಇವು ಒಳಗಿನವನನ್ನೂ ಹೊರಗಿನವನನ್ನೂ ಗುರುತಿಸುವ ಗುರುತುಗಳೂ ಹೌದು. ತಪ್ಪಿ 'ಒಂದು' ಎಂದವನು ಎಲ್ಲಿಂದಲೋ ಬಂದವನೆಂಬುದು ಕೂಡಲೇ ತಿಳಿಯುತ್ತಿತ್ತು.

ತಿಳಿವಳಿಕೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಎರೆಭೂಮಿಯಲ್ಲಿ 'ಹದ' ನೋಡುವುದನ್ನು ಮಾತಿನಲ್ಲಿ ಕಲಿಸಲಾಗದು. ಮಳೆ ನಿಂತ ಮೇಲೆ ಒಂದು ದಿನ ಮೊದಲೇ ಕುಂಟೆ ಹೂಡಿದರೆ ಮಣ್ಣು ಮೆತ್ತಿಕೊಳ್ಳುತ್ತದೆ. ಎರಡು ದಿನ ತಡವಾದರೆ ನೆಲ ಬಿರಿಯುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅದು ಒಡೆಯುವ ರೀತಿಯಿಂದ ಹದ ತಿಳಿಯಬೇಕು. ರೋಹಿಣಿಯಿಂದ ಸ್ವಾತಿಯವರೆಗಿನ ಮಳೆ ನಕ್ಷತ್ರಗಳ ಲೆಕ್ಕ, ಉತ್ತರಿ ಹಸ್ತ ಮಳೆಗಳ ನಡುವೆ ಬಿಳಿಜೋಳ ಬಿತ್ತುವ ಅವಸರ, ಕುಸುಬೆಯ ಅಕ್ಕಡಿ ಸಾಲು ಬಿಡುವ ಕ್ರಮ ಇವೆಲ್ಲ ಗಾದೆ, ಒಗಟು, ಹಬ್ಬಗಳ ಮೂಲಕ ಮನೆಯೊಳಗೇ ಸಾಗಿಬಂದವು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳು ಬೆಳೆಯ ಬೆಳವಣಿಗೆಗೆ ಸರಿಯಾಗಿ ಬರುವ ಹಬ್ಬಗಳು. ಬೀಜದ ಆಯ್ಕೆಯೂ ಸಂಗ್ರಹವೂ ಹೆಣ್ಣುಮಕ್ಕಳ ಕೈಯಲ್ಲಿತ್ತು. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆಯನ್ನು ಮೈಗಳ್ಳತನದ ವಿರುದ್ಧದ ಉಪದೇಶವೆಂದು ಅರ್ಥೈಸುವುದುಂಟು. ಕೈಕೆಲಸ ಬಾರದೆ ಆಳಿನ ಮೇಲೆ ನೆಚ್ಚಿ ಭೂಮಿಗಿಳಿದವನಿಗೆ ಕೊಟ್ಟ ಎಚ್ಚರಿಕೆಯಾಗಿಯೂ ಅದನ್ನು ಓದಲು ಅಡ್ಡಿಯಿಲ್ಲ.

ಹಾಗಾದರೆ ಹೊಸಬರು ಒಕ್ಕಲಾಗುತ್ತಲೇ ಇರಲಿಲ್ಲವೆ? ಆಗುತ್ತಿದ್ದರು, ಮೆಟ್ಟಿಲು ಮೆಟ್ಟಿಲಾಗಿ. ಯುಗಾದಿಯ ಪಾಡ್ಯಕ್ಕೆ ವರ್ಷದ ಸಂಬಳಕ್ಕೆ ನಿಂತ ಹುಡುಗ, ಹತ್ತಾರು ವರ್ಷ ದುಡಿದು, ಒಡೆಯನ ಎತ್ತು ಬೀಜಗಳಿಂದಲೇ ಪಾಲಿಗೆ ಹೊಲ ಮಾಡುವವನಾಗುತ್ತಿದ್ದ. ಸ್ವಂತ ಎತ್ತು ಕಟ್ಟಿದ ಮೇಲೆ ಲಾವಣಿಗೆ ಹೊಲ ಹಿಡಿಯುತ್ತಿದ್ದ. ಗಂಡುಸಂತಾನವಿಲ್ಲದ ಮನೆಗೆ 'ಮನೆ ಅಳಿಯ'ನಾಗಿ ಬರುವುದು ಇನ್ನೊಂದು ದಾರಿ. ಜಾತಿಯ ಕಟ್ಟು ಈ ಎರಡೂ ದಾರಿಗಳನ್ನು ಬಹಳ ಕಿರಿದಾಗಿಸಿತ್ತು. ಪಾಲಿನ ಹೊಲದವರೆಗೆ ಬಂದು ಅಲ್ಲಿಂದ ಮುಂದಕ್ಕೆ ತಲೆಮಾರುಗಟ್ಟಲೆ ಸಾಗದವರೇ ಹೆಚ್ಚು. ಒಕ್ಕಲಿಗ ಮುದ್ದಣ್ಣನಂಥ ವಚನಕಾರ ಬೇಸಾಯದ ಪರಿಭಾಷೆಯನ್ನು ಅನುಭಾವಕ್ಕೆ ಏರಿಸಿದ ನಾಡಿನಲ್ಲಿ ಬೇಸಾಯದ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ.

ಕಾನೂನಿನ ಬಾಗಿಲು

ಸ್ವಾತಂತ್ರ್ಯಾನಂತರದ ಭೂಶಾಸನಗಳು ಈ ಪ್ರಶ್ನೆಗೆ ಎರಡು ವಿರುದ್ಧ ದಿಕ್ಕಿನ ಉತ್ತರಗಳನ್ನು ಒಟ್ಟಿಗೇ ಕೊಟ್ಟವು. ಮುಂಬಯಿ ಪ್ರಾಂತದ 1948ರ ಗೇಣಿ ಮತ್ತು ಕೃಷಿ ಭೂಮಿ ಕಾಯಿದೆ ಗೇಣಿದಾರನಿಗೆ ರಕ್ಷಣೆ ಕೊಟ್ಟಿತು. ಅದೇ ಕಾಯಿದೆಯ 63ನೆಯ ಪ್ರಕರಣ ಬೇಸಾಯಗಾರನಲ್ಲದವನಿಗೆ ಭೂಮಿ ಮಾರುವುದನ್ನು ನಿರ್ಬಂಧಿಸಿತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಆಡಳಿತದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ನಿಹಿತವಾಯಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಉಳುಮೆಯನ್ನು ಸ್ಥಾಪಿಸಬೇಕಿತ್ತು. ಅರ್ಜಿಯ ಕೊನೆಯ ದಿನ 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಬಾಯಿಮಾತಿನ ಪಾಲಿನಲ್ಲಿ ಉತ್ತವನಿಗೆ ಉತಾರದಲ್ಲಿ ಹೆಸರಿರಲಿಲ್ಲ. ನೆರೆಹೊಲದವರ ಸಾಕ್ಷಿಯೇ ಅವನ ಆಧಾರ. ಊರಿನ ಲೆಕ್ಕದೊಳಗೆ ಇದ್ದವನಿಗೆ ಸಾಕ್ಷಿ ಸಿಕ್ಕಿತು, ಅಂಚಿನಲ್ಲಿದ್ದವನಿಗೆ ದುರ್ಲಭವಾಯಿತು.

ಭೂಮಿ ಪಡೆದವರ ಸ್ಥಿತಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ತಲೆಮಾರುಗಳಿಂದ ಉಳುತ್ತ ಬಂದವರೇ ಒಡೆತನದ ಮೊದಲ ವರ್ಷಗಳಲ್ಲಿ ಹೊಸಬರಂತಾದರು. ಅಲ್ಲಿಯವರೆಗೆ ಬೀಜ, ಎತ್ತು, ಬರಗಾಲದ ಕಾಳಿನ ಸಾಲ ಕೊಡುತ್ತಿದ್ದ ಒಡೆಯ ಕೈ ಹಿಂದೆಗೆದ. ಅಧಿಭೋಗದ ಹಕ್ಕು ಪಡೆದ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲ. ಈ ನಿರ್ಬಂಧ ಅವರನ್ನು ಕಾಪಾಡಿತೆಂಬುದು ನಿಜ. ಸಾಲಕ್ಕೆ ಸೊಸೈಟಿ ಮತ್ತು ಬ್ಯಾಂಕುಗಳ ಕಡೆಗೆ ನೋಡಬೇಕಾಯಿತೆಂಬುದೂ ನಿಜ.

ಅದೇ ಕಾಯಿದೆಯ 79ಎ, 79ಬಿ ಮತ್ತು 80ನೆಯ ಪ್ರಕರಣಗಳು ಬೇಸಾಯಗಾರರಲ್ಲದವರಿಗೆ ಬಾಗಿಲು ಮುಚ್ಚಿದವು. ಕೃಷಿಯೇತರ ಆದಾಯದ ಮಿತಿ 1995ರಲ್ಲಿ 2 ಲಕ್ಷ ರೂಪಾಯಿಗೂ 2015ರಲ್ಲಿ 25 ಲಕ್ಷಕ್ಕೂ ಏರಿತು. ಹಣವಂತರು ಭೂಮಿಯನ್ನು ಕಬಳಿಸದಂತೆ ಹಾಕಿದ ಈ ಬೇಲಿ ಬಡವರಲ್ಲಿ ಒಂದು ವರ್ಗಕ್ಕೂ ಅಡ್ಡವಾಯಿತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳು ಹೆಸರಾಂತ ನೇಕಾರಿಕೆಯ ಊರುಗಳು. ಮಗ್ಗದ ಆದಾಯ ಕುಸಿದಾಗ ಪಕ್ಕದ ಹೊಲದತ್ತ ನೋಡಿದ ನೇಕಾರನು ಕಾನೂನಿನ ಕಣ್ಣಿಗೆ ಬೇಸಾಯಗಾರನೂ ಅಲ್ಲ, ಕೃಷಿ ಕಾರ್ಮಿಕನೂ ಅಲ್ಲ. ಉತಾರದಲ್ಲಿ ಪೂರ್ವಿಕರ ಹೆಸರಿನ ತುಂಡು ಭೂಮಿ ಇದ್ದವನಿಗೆ ದಾರಿ ಇತ್ತು. ಇಲ್ಲದವನಿಗೆ ಲಾವಣಿಯ ದಾರಿಯೂ ಇರಲಿಲ್ಲ, ಏಕೆಂದರೆ 1974ರ ನಂತರ ಗೇಣಿಯೇ ನಿಷಿದ್ಧ. ನಡೆದದ್ದೆಲ್ಲ ಕಾಗದವಿಲ್ಲದ ಬಾಯಿಮಾತಿನ ಲಾವಣಿ. ಕಾಗದವಿಲ್ಲದವನಿಗೆ ಬೆಳೆಸಾಲವಿಲ್ಲ, ಬೆಳೆ ಹಾನಿಯ ಪರಿಹಾರವಿಲ್ಲ.

ಎಲ್ಲರೂ ಹೊಸಬರಾದ ಕಾಲ

ಘಟಪ್ರಭೆಯ ನೀರಾವರಿಗೆ ದೀರ್ಘ ಚರಿತ್ರೆಯಿದೆ. ಗೋಕಾಕ ತಾಲ್ಲೂಕಿನ ಧುಪದಾಳದ ಒಡ್ಡು 1897ರಲ್ಲಿ ಪೂರ್ಣಗೊಂಡಿತು. ಸ್ವಾತಂತ್ರ್ಯಾನಂತರ ಎಡದಂಡೆ ಕಾಲುವೆಯ ವಿಸ್ತರಣೆಯೂ 1970ರ ದಶಕದಲ್ಲಿ ಹಿಡಕಲ್ ಜಲಾಶಯವೂ ಸೇರಿ ಮುಧೋಳ ಜಮಖಂಡಿಗಳ ಎರೆಭೂಮಿಗೆ ನೀರು ತಂದವು. 1972ರ ಬರದ ನೆನಪು ಹಸಿಯಾಗಿದ್ದ ಜನಕ್ಕೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಕರಮಶಿ ಜೇಠಾಭಾಯಿ ಸೋಮಯ್ಯ ಅವರು 1939ರಲ್ಲಿ ಸ್ಥಾಪಿಸಿದ ಗೋದಾವರಿ ಸಕ್ಕರೆ ಕಾರ್ಖಾನೆಯ ಮೊದಲ ನೆಲೆ ಅಹಮದನಗರ ಜಿಲ್ಲೆಯ ಸಾಕರವಾಡಿ. ಆ ಕಾಲದ ಮುಂಬಯಿ ಪ್ರಾಂತದ ಖಾಸಗಿ ಕಾರ್ಖಾನೆಗಳು ರೈತರಿಂದ ಭೂಮಿಯನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು ಸ್ವತಃ ಕಬ್ಬು ಬೆಳೆಯುತ್ತಿದ್ದವು. ಮಹಾರಾಷ್ಟ್ರದ 1961ರ ಭೂಮಿತಿ ಕಾಯಿದೆಯ ನಂತರ ಅಂಥ ತೋಟಗಳು 1963ರಲ್ಲಿ ರಚಿತವಾದ ರಾಜ್ಯ ಕೃಷಿ ನಿಗಮಕ್ಕೆ ಹೋದವು. ಸಮೀರವಾಡಿಯಲ್ಲಿ ಅದೇ ಸಂಸ್ಥೆಯ ಕಾರ್ಖಾನೆ ಎದ್ದಾಗ, ವಿಸ್ತಾರವಾದ ಸ್ವಂತ ತೋಟ ಹೊಂದುವ ಮಾರ್ಗ ಉಳಿದಿರಲಿಲ್ಲ. ಸುತ್ತಲಿನ ರೈತರೇ ಕಬ್ಬು ಬೆಳೆಯಬೇಕಿತ್ತು. ಅವರಲ್ಲಿ ಬಹುಪಾಲು ಜನರಿಗೆ ಅಷ್ಟು ದೊಡ್ಡ ಪ್ರಮಾಣದ ಕಬ್ಬಿನ ಅನುಭವ ಇರಲಿಲ್ಲ. ನದಿ ಬಾವಿಗಳ ಆಸರೆಯಲ್ಲಿ ತುಸು ಕಬ್ಬು ಬೆಳೆದು ಗಾಣದಲ್ಲಿ ಬೆಲ್ಲ ಮಾಡುವವರಿದ್ದರು. ಮಹಾಲಿಂಗಪುರದ ಬೆಲ್ಲದ ಪೇಟೆ ಅದಕ್ಕೆ ಸಾಕ್ಷಿ. ಜೋಳದ ಹೊಲದವನಿಗೆ ಮಾತ್ರ ಇದು ಪೂರ್ತಿ ಹೊಸ ಒಕ್ಕಲುತನ.

ಹಳೆಯ ತಿಳಿವಳಿಕೆ ಇಲ್ಲಿ ಹೇಗೆ ಕೆಲಸಕ್ಕೆ ಬಾರದಾಯಿತೆಂಬುದನ್ನು ಗಮನಿಸಬೇಕು. ಜೋಳ ನಾಲ್ಕೈದು ತಿಂಗಳ ಬೆಳೆ. ಕಬ್ಬು ಹನ್ನೆರಡು ತಿಂಗಳದ್ದು, ಅಡಸಾಲಿಯಾದರೆ ಹದಿನೆಂಟು ತಿಂಗಳವರೆಗೆ ಹೋಗುವುದು. ಹಿಂಗಾರಿಗೆ ಎಕರೆಗೆ ಕೆಲವೇ ಸೇರು ಬೀಜ ಸಾಕಾಗಿದ್ದವನು ಕಬ್ಬಿಗೆ ಎಕರೆಗೆ ಟನ್ನುಗಟ್ಟಲೆ ಬೀಜದ ಕಬ್ಬನ್ನು ಕೊಳ್ಳಬೇಕು. ಸಾಲು ಬಿಡುವುದು, ತುಂಡು ಹಚ್ಚುವುದು, ಬೋದು ಏರಿಸುವುದು, ರವದಿ ತೆಗೆಯುವುದು, ಕುಳೆ ಕಾಯುವುದು ಇವೆಲ್ಲ ಕಲಿಯಬೇಕಾದ ಕೆಲಸಗಳು. ಮಳೆ ನಕ್ಷತ್ರದ ಸ್ಥಾನವನ್ನು ಕಾಲುವೆಯ ಪಾಳಿ ಆಕ್ರಮಿಸಿತು. ನೀರು ಬಿಡುವ ಸೌಡಿಯ ಮರ್ಜಿ, ಕಾಲುವೆಯ ತಲೆಯ ಕಡೆಯವರ ಪ್ರಾಬಲ್ಯ, ಕೊನೆಯಂಚಿನವರ ಕಾಯುವಿಕೆ ಇವು ಹೊಸ ಅಧಿಕಾರ ಸಂಬಂಧಗಳಾದವು. ಎರೆಮಣ್ಣಿಗೆ ನೀರು ಎಷ್ಟು ಸಾಕೆಂಬುದನ್ನು ಯಾವ ಗಾದೆಯೂ ಹೇಳಿರಲಿಲ್ಲ, ಏಕೆಂದರೆ ನೀರು ಹೆಚ್ಚಾಗುವ ಪ್ರಸಂಗವೇ ಬಂದಿರಲಿಲ್ಲ. ಹದ ನೋಡಬಲ್ಲವರ ಹೊಲಗಳೇ ಅತಿ ನೀರಿನಿಂದ ಸವುಳು ಜವುಳು ಹಿಡಿದದ್ದು ಈ ನಾಡಿನ ಕೃಷಿ ಚರಿತ್ರೆಯ ದುರಂತಗಳಲ್ಲಿ ಒಂದು.

ಸಾಂಸ್ಕೃತಿಕವಾಗಿ ಇನ್ನೂ ಆಳವಾದ ಪರಿಣಾಮ ಕಣದ ಮೇಲಾಯಿತು. ಕಬ್ಬಿಗೆ ಕಣವಿಲ್ಲ. ಮೇಟಿಯಿಲ್ಲ, ಹಂತಿಯಿಲ್ಲ, ರಾಶಿಯಿಲ್ಲ. ಕಡಿದ ಕಬ್ಬು ಹೊಲದಿಂದ ನೇರವಾಗಿ ಗಾಡಿ ಏರಿ ಕಾರ್ಖಾನೆಯ ತೂಕದ ಕಟ್ಟೆಗೆ ಹೋಗುತ್ತದೆ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ, ಅದೂ ಸೊಸೈಟಿಯ ಸಾಲ ಕಡಿತವಾಗಿ. ಬಡಿಗ ಕಂಬಾರರು ಪಾಲಿಗಾಗಿ ಬಂದು ನಿಲ್ಲಲು ಸ್ಥಳವೇ ಉಳಿಯಲಿಲ್ಲ. ಆಯ ಕಳಚಿತು, ಅದರೊಡನೆ ಹೊಸಬನನ್ನು ಸೋಸುತ್ತಿದ್ದ ಜರಡಿಯೂ ಕಳಚಿತು. ಹಣವಿದ್ದವನು ಟ್ರ್ಯಾಕ್ಟರನ್ನು ಬಾಡಿಗೆಗೆ ತಂದು ಯಾರ ಮುಯ್ಯಿಯೂ ಇಲ್ಲದೆ ಬೇಸಾಯ ಮಾಡಬಹುದಾಯಿತು. ಹಂತಿಯ ಹಾಡುಗಳ ಅಳಿವನ್ನು ಕುರಿತು ಜಾನಪದ ವಿದ್ವಾಂಸರು ವ್ಯಕ್ತಪಡಿಸುವ ವಿಷಾದಕ್ಕೆ ಅರ್ಥವಿದೆ. ಆದರೆ ಆ ಹಾಡಿನ ಕಣದೊಳಗೆ ಪ್ರವೇಶವಿಲ್ಲದಿದ್ದವರ ಪಾಲಿಗೆ ಈ ಅಳಿವು ಬಿಡುಗಡೆಯೂ ಆಗಿತ್ತು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಕಳಚಿದ ಜರಡಿಯ ಜಾಗದಲ್ಲಿ ಮತ್ತೊಂದು ಬಂದಿತು. ಕಬ್ಬು ಹಚ್ಚಿದ ದಿನಾಂಕವನ್ನು ಕಾರ್ಖಾನೆಯ ಫೀಲ್ಡ್‌ಮನ್ ನೋಂದಾಯಿಸಬೇಕು. ಆ ಕ್ರಮದಲ್ಲಿ ಕಟಾವಿನ ಆದೇಶ ಬರಬೇಕು. ಆದೇಶ ಬಂದರೂ ಕಡಿಯುವ ಗ್ಯಾಂಗು ಬರಬೇಕು. ಹಂಗಾಮಿನ ಕೊನೆಯವರೆಗೆ ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಡಿದ ಮೇಲೆ ಒಂದೆರಡು ದಿನ ತಡವಾದರೂ ಸಕ್ಕರೆಯಂಶ ಇಳಿಯುತ್ತದೆ. ಹಳೆಯ ಬೆಳೆಗಾರನಿಗೆ ಗ್ಯಾಂಗಿನ ಮುಖ್ಯಸ್ಥನ ಪರಿಚಯವಿರುತ್ತದೆ, ಗಾಡಿಯವನ ಪರಿಚಯವಿರುತ್ತದೆ, ಇನ್ನೂ ಹತ್ತು ದಿನ ಕಾಯುವ ತ್ರಾಣವಿರುತ್ತದೆ. ಒಂದೆರಡು ಎಕರೆಯ ಹೊಸಬನಿಗೆ ಈ ಮೂರೂ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಬೇಕು. ಉತ್ತರ ಕರ್ನಾಟಕದ ಕಬ್ಬು ಬೆಳೆಗಾರರ ಚಳವಳಿಗಳಲ್ಲಿ ಬಾಕಿ ಹಣದ ಬೇಡಿಕೆ ಮತ್ತೆ ಮತ್ತೆ ಕೇಳಿಬಂದಿರುವುದನ್ನು ನೋಡಿದರೆ ಆದೇಶಕ್ಕೂ ಆಚರಣೆಗೂ ನಡುವಿನ ಅಂತರ ತಿಳಿಯುತ್ತದೆ.

ಕಲಿಕೆಯ ದಾರಿಗಳು ಹೊಸದಾಗಿ ಹುಟ್ಟಿಕೊಂಡದ್ದೂ ಗಮನಾರ್ಹ. ಸಮೀರವಾಡಿಯಲ್ಲಿ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ನೆಲೆಗೊಂಡಿತು. ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನಾ ಸಂಸ್ಥೆಯ ಕೋ 86032ನಂಥ ತಳಿಗಳು ಹೊಲ ಹೊಲಕ್ಕೆ ಹಬ್ಬಿದವು. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಇಳಿದುಬರುತ್ತಿದ್ದ ತಿಳಿವಳಿಕೆಗೆ ಬದಲಾಗಿ ಸಂಸ್ಥೆಯಿಂದ ಪಡೆಯುವ ತಿಳಿವಳಿಕೆ ಬಂದಿತು. ಇದರಲ್ಲಿ ಹುಟ್ಟಿನ ಹಂಗಿಲ್ಲವೆಂಬುದು ದೊಡ್ಡ ಲಾಭ. ಬೀಜವನ್ನು ಆರಿಸುತ್ತಿದ್ದ ಹೆಣ್ಣುಮಕ್ಕಳ ಸ್ಥಾನ ಈ ಬದಲಾವಣೆಯಲ್ಲಿ ಸದ್ದಿಲ್ಲದೆ ಕುಗ್ಗಿತೆಂಬುದು ಅದರ ಇನ್ನೊಂದು ಮುಖ.

ಕೃಷ್ಣೆಯ ದಂಡೆಯಲ್ಲಿ ನೀರು ಬಂದ ಬಗೆ ಬೇರೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡ ಅವರ ನೇತೃತ್ವದಲ್ಲಿ ರೈತರೇ ವಂತಿಗೆ ಕೂಡಿಸಿ 1989ರಲ್ಲಿ ಕಟ್ಟಿದ ಬ್ಯಾರೇಜು ನಾಡಿನ ಗಮನ ಸೆಳೆಯಿತು. ಮುಯ್ಯಿಯ ಹಳೆಯ ತತ್ತ್ವ ಹೊಸ ರೂಪದಲ್ಲಿ ದೊಡ್ಡದಾಗಿ ಮೈದೋರಿದ ಪ್ರಸಂಗವಿದು. ಅದೇ ಕೃಷ್ಣೆಯ ಕೆಳಗೆ ಆಲಮಟ್ಟಿಯ ಹಿನ್ನೀರು ಬೀಳಗಿ ಜಮಖಂಡಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳನ್ನು ಒಕ್ಕಲೆಬ್ಬಿಸಿತು. 2000ರಲ್ಲಿ ಸರ್ವೋಚ್ಚ ನ್ಯಾಯಾಲಯ 519.6 ಮೀಟರು ಮಟ್ಟಕ್ಕೆ ಅನುಮತಿ ನೀಡಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅದನ್ನು 524.256 ಮೀಟರಿಗೆ ಏರಿಸಬಹುದೆಂದಿತು. ಹೊಳೆದಂಡೆಯ ಮಣ್ಣನ್ನು ಬಲ್ಲ ಒಕ್ಕಲು ಪರಿಹಾರದ ಹಣ ಹಿಡಿದು ಬೇರೆ ಮಣ್ಣಿನ, ಬೇರೆ ನೆರೆಯವರ ಊರಿನಲ್ಲಿ ಹೊಲ ಹುಡುಕಬೇಕಾಯಿತು. ನುರಿತ ಬೇಸಾಯಗಾರ ನಡುವಯಸ್ಸಿನಲ್ಲಿ ಹೊಸಬನಾಗುವುದು ಎಲ್ಲ ಹೊಸತನಗಳಲ್ಲಿ ಕಷ್ಟದ್ದು. ಪುನರ್ವಸತಿ ಕೇಂದ್ರದಲ್ಲಿ ಮನೆಯ ನಿವೇಶನ ಸಿಕ್ಕೀತು, ದೇವಸ್ಥಾನವೂ ಎದ್ದೀತು; ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲವಿಲ್ಲದ ಮನೆ ಒಕ್ಕಲು ಎನಿಸಿಕೊಳ್ಳುವುದು ಹೇಗೆ?

2020ರ ತಿದ್ದುಪಡಿ 79ಎ, 79ಬಿ ಪ್ರಕರಣಗಳನ್ನು ತೆಗೆದುಹಾಕಿ, ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದೆಂದಿತು. ನೇಕಾರನಿಗೆ ಮುಚ್ಚಿದ್ದ ಬಾಗಿಲು ಕಾಗದದ ಮೇಲೆ ತೆರೆಯಿತು, ಆದರೆ ನೀರಾವರಿ ಭೂಮಿಯ ಬೆಲೆ ಅವನ ಕೈಗೆಟುಕುವಂಥದಲ್ಲ. ಈ ತಿದ್ದುಪಡಿಯ ಫಲವನ್ನು ದುಡಿಯಲು ಬರುವ ಹೊಸಬನಿಗಿಂತ ದುಡ್ಡಿನೊಡನೆ ಬರುವ ಹೊಸಬನೇ ಹೆಚ್ಚು ಉಣ್ಣುವ ಸಂಭವವಿದೆ.

ಕಬ್ಬನ್ನು ಎಲ್ಲರಿಗಿಂತ ಹೆಚ್ಚಾಗಿ ಕೈಯಾರೆ ಬಲ್ಲವರ ವಿಷಯ ಹೇಳದೆ ಈ ಚರಿತ್ರೆ ಪೂರ್ಣವಾಗದು. ಬೀಡ ಮುಂತಾದ ಮಹಾರಾಷ್ಟ್ರದ ಬರಪೀಡಿತ ಜಿಲ್ಲೆಗಳಿಂದ ಉತ್ತರ ಕರ್ನಾಟಕದ ಕಾರ್ಖಾನೆಗಳ ವಲಯಕ್ಕೆ ಕಬ್ಬು ಕಡಿಯುವ ತಂಡಗಳು ಹಂಗಾಮಿಗೆ ಬರುತ್ತವೆ. ವಿಜಯಪುರದ ತಾಂಡಾಗಳಿಂದ ಅದೇ ಕೆಲಸಕ್ಕೆ ಮಹಾರಾಷ್ಟ್ರಕ್ಕೆ ಹೋಗುವವರೂ ಇದ್ದಾರೆ. ಗಂಡ ಹೆಂಡತಿ ಸೇರಿ 'ಒಂದು ಕುಡುಗೋಲು' ಎಂಬ ಲೆಕ್ಕ. ಮುಂಗಡದ ಹಣಕ್ಕೆ ಕಟ್ಟುಬಿದ್ದು, ರವದಿಯ ಗುಡಿಸಲಿನಲ್ಲಿ ಇದ್ದು, ಗಣಿಕೆ ನೋಡಿಯೇ ಕಬ್ಬಿನ ಪಕ್ವತೆಯನ್ನು ಹೇಳಬಲ್ಲ ಇವರು ಈ ನಾಡಿನ ಯಾವ ಊರಿನ ಒಕ್ಕಲೂ ಅಲ್ಲ. ಏಪ್ರಿಲ್ ಹೊತ್ತಿಗೆ ಕಾರ್ಖಾನೆಯ ಹಂಗಾಮು ಮುಗಿಯುತ್ತಲೇ ಗುಡಿಸಲು ಕಿತ್ತು, ಪಾತ್ರೆಪಗಡ, ಮಕ್ಕಳು, ಆಡುಕುರಿಗಳೊಡನೆ ಟ್ರ್ಯಾಕ್ಟರು ಏರಿ ಹೊರಡುತ್ತಾರೆ. ಅವರ ಊರಿನಲ್ಲಿ ಅವರಿಗೂ ಒಂದೆರಡು ಎಕರೆ ಒಣಭೂಮಿ ಇರುವುದುಂಟು. ರೋಹಿಣಿ ಮಳೆ ಬೀಳುವ ಮುನ್ನ ಅದನ್ನು ಹರಗಬೇಕು.